ಮೇಲೆ ಎಷ್ಟು ಅನ್ನೋದು ಕಟ್ಟಕಡೆಯ ಪ್ರಶ್ನೆ

ಇವತ್ತು ಬೆಳಿಗ್ಗೆ ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಎರಡು ಗಾಡಿ ಅಕ್ಕಪಕ್ಕ ನಿಂತಿದ್ದವು. ಒಂದು 2011ರ ಪೋರ್ಷೆ 911 ಕರೇರಾ ಎಸ್, ನಮ್ಮದೇ ಕೆಎ-25. ಇನ್ನೊಂದು 2010ರ ಲ್ಯಾಂಬೋರ್ಗಿನಿ ಗಲ್ಲಾರ್ಡೊ ಎಲ್‌ಪಿ 560-4, ಮಹಾರಾಷ್ಟ್ರದ ನಂಬರು, ದಲಾಲರು ಟ್ರಕ್ಕಿನ ಮೇಲೆ ಹೇರಿಕೊಂಡು ತೋರಿಸಲಿಕ್ಕೆ ತಂದದ್ದು. ಸುತ್ತ ಇಪ್ಪತ್ತು ಮಂದಿ, ಎಲ್ಲರ ಕೈಯಲ್ಲೂ ಮೊಬೈಲು. 911 ಕೊಟ್ಟು, ಮೇಲೆ ರೊಕ್ಕ ಹಾಕಿ ಗಲ್ಲಾರ್ಡೊ ತರುವ ಬದಲಿ ವ್ಯಾಪಾರ. ಮಾತು ಮಾತ್ರ ಒಂದೇ: "ಮ್ಯಾಲೆ ಎಷ್ಟು ಕೊಡಬೇಕ್ರಿ?" ಅರ್ಧ ತಾಸಿನೊಳಗೆ ಅಂಕಿ ಕುದುರಿತು, ಮಂಗಳವಾರ ಅಡ್ವಾನ್ಸು ಅಂತಾಯಿತು. ಆ ಅರ್ಧ ತಾಸಿನಲ್ಲಿ ವ್ಯಾಪಾರಕ್ಕೆ ನಿಂತವರಲ್ಲಿ ಒಬ್ಬರೂ ಗಾಡಿಯ ಕೆಳಗೆ ಬಗ್ಗಿ ನೋಡಲಿಲ್ಲ. ಟೈರಿನ ಮೇಲಿನ ತಾರೀಖು ಓದಲಿಲ್ಲ. ಸರ್ವಿಸ್ ಬುಕ್ ಎಲ್ಲಿದೆ ಅಂತ ಕೇಳಲಿಲ್ಲ.

911 ಯಾರದು ಅಂತ ಬರೆಯೋದಿಲ್ಲ. ಅವರು ಇದನ್ನು ಓದ್ತಾರೆ, ಓದಲಿ ಅಂತಲೇ ಬರೀತಿದ್ದೇನೆ. ನನಗೆ ಸಿಟ್ಟು ಬಂದಿರೋದು ಅವರ ಮೇಲಲ್ಲ. ಎತ್ತು ಕೊಳ್ಳುವಾಗ ಬಾಯಿ ತೆರೆದು ಹಲ್ಲು ಎಣಿಸುವ ನಾಡು ನಮ್ಮದು. ಬ್ಯಾಡಗಿ ಪೇಟೆಯಲ್ಲಿ ಚೀಲದೊಳಗೆ ಕೈ ಹಾಕಿ ಕೆಳಗಿನ ಮೆಣಸಿನಕಾಯಿ ಮೇಲೆ ತಂದು ನೋಡದೆ ಯಾರೂ ರೇಟು ಹೇಳೋದಿಲ್ಲ. ಅದೇ ಮಂದಿ ಇಷ್ಟು ದುಡ್ಡಿನ ಗಾಡಿಯನ್ನು ಬಣ್ಣ ನೋಡಿ, ಸದ್ದು ಕೇಳಿ ಬದಲಿ ಮಾಡ್ತಾರಲ್ಲ, ಅದಕ್ಕೆ ಸಂಕಟ.

ಮೊದಲು ಎರಡೂ ಗಾಡಿ ಏನು ಅಂತ ಸರಿಯಾಗಿ ನೋಡೋಣ. ಈ 911 ಒಳಗಿನವರು 997.2 ಅನ್ನುವ ಪೀಳಿಗೆ. 3.8 ಲೀಟರ್, ಆರು ಸಿಲಿಂಡರ್, 385 ಕುದುರೆ ಶಕ್ತಿ, ಏಳು ಗೇರಿನ ಪಿಡಿಕೆ ಗೇರ್ ಬಾಕ್ಸು. ಇದಕ್ಕಿಂತ ಹಿಂದಿನ 996ರಲ್ಲಿ, 2008ರವರೆಗಿನ ಮಾಮೂಲಿ 997ರಲ್ಲಿ ಎಂಜಿನ್ನನ್ನೇ ತಿಂದುಹಾಕುತ್ತಿದ್ದ ಐಎಂಎಸ್ ಬೇರಿಂಗ್, ಅಂದರೆ ಇಂಟರ್ಮೀಡಿಯೇಟ್ ಶಾಫ್ಟಿನ ಬೇರಿಂಗ್ ಇತ್ತು. 2009ರಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ಅಂದರೆ ಹಳೆಯ 911ಗಳಲ್ಲಿ ಎಲ್ಲರೂ ಹುಡುಕುವ ವರ್ಷದ ಗಾಡಿ ಇವರ ಮನೆಯಲ್ಲೇ ಇದೆ. ಗಲ್ಲಾರ್ಡೊದ್ದು 5.2 ಲೀಟರಿನ ವಿ10, 560 ಕುದುರೆ ಶಕ್ತಿ, ನಾಲ್ಕೂ ಗಾಲಿಗೆ ಶಕ್ತಿ, ಆರು ಗೇರಿನ ಇ-ಗೇರ್. ಕಾಗದದ ಮೇಲೆ 175 ಕುದುರೆ ಹೆಚ್ಚು. ಆ 175ನ್ನು ಹುಬ್ಬಳ್ಳಿಯಲ್ಲಿ ಎಲ್ಲಿ ಓಡಿಸ್ತೀರಿ ಅನ್ನೋದು ಆಮೇಲಿನ ಮಾತು.

ಇ-ಗೇರ್ ಅನ್ನೋದನ್ನು ಜನ ಆಟೋಮ್ಯಾಟಿಕ್ ಅಂದುಕೊಳ್ತಾರೆ. ಅಲ್ಲ. ಅದು ಮಾಮೂಲಿ ಒಂದೇ ಕ್ಲಚ್ಚಿನ ಮ್ಯಾನುಯಲ್ ಗೇರ್‌ಬಾಕ್ಸು. ನಿಮ್ಮ ಎಡಗಾಲು ಮಾಡುವ ಕೆಲಸವನ್ನು ಒಂದು ಹೈಡ್ರಾಲಿಕ್ ಪಂಪು ಮಾಡುತ್ತದೆ, ಅಷ್ಟೇ. ಪಿಡಿಕೆಯಲ್ಲಿ ಎಣ್ಣೆಯಲ್ಲಿ ಮುಳುಗಿದ ಎರಡು ಕ್ಲಚ್ ಇರುತ್ತವೆ. ಟ್ರಾಫಿಕ್ಕಿನಲ್ಲಿ ತೆವಳಿದರೂ ಎಣ್ಣೆ ಬಿಸಿಯನ್ನು ಎಳೆದುಕೊಳ್ಳುತ್ತದೆ. ಇ-ಗೇರಿನ ಕ್ಲಚ್ ಒಣ ಕ್ಲಚ್. ಚೆನ್ನಮ್ಮ ವೃತ್ತದಲ್ಲಿ ಇಪ್ಪತ್ತು ನಿಮಿಷ ಅಡಿ ಅಡಿಯಾಗಿ ಸರಿದರೆ ಅದು ಸವೆಯೋದು ಅಲ್ಲೇ. ಅದಕ್ಕಿಂತ ಕೆಟ್ಟದ್ದು ರಿವರ್ಸ್. ಏರಿನ ಮೇಲೆ ಹಿಂದಕ್ಕೆ ತೆಗೆಯುವಾಗ ಆ ಪಂಪು ಕ್ಲಚ್ಚನ್ನು ಪೂರ್ತಿ ಬಿಡೋದಿಲ್ಲ, ಪೂರ್ತಿ ಹಿಡಿಯೋದೂ ಇಲ್ಲ, ಉಜ್ಜುತ್ತಲೇ ಇರುತ್ತದೆ. ಧಾರವಾಡದ ಏರು ತಗ್ಗಿನ ಓಣಿಯಲ್ಲಿ ಮನೆ ಇದ್ದು, ದಿನಾ ಗೇಟಿನಿಂದ ಏರಿಗೆ ರಿವರ್ಸ್ ತೆಗೆಯೋದಾದರೆ ಈ ಗಾಡಿ ತರೋದೇ ಬೇಡ. ಸುಟ್ಟ ವಾಸನೆ ಬಂದ ಮೇಲೆ ಹುಷಾರಾಗಿ ಉಪಯೋಗವಿಲ್ಲ.

ಕ್ಲಚ್ ಬದಲಿಸೋದು ಅಂದರೆ ಹಿಂದಿನ ಬಂಪರ್ ಬಿಚ್ಚಬೇಕು, ಎಕ್ಸಾಸ್ಟ್ ಇಳಿಸಬೇಕು, ಗೇರ್‌ಬಾಕ್ಸು ಹೊರಗೆ ಎಳೆಯಬೇಕು. ಅಷ್ಟು ಬಿಚ್ಚಿದ ಮೇಲೆ ರಿಲೀಸ್ ಬೇರಿಂಗು ಹಳೆಯದನ್ನೇ ಹಾಕೋದು ಮೂರ್ಖತನ, ಫ್ಲೈವೀಲ್ ಬಿಸಿಗೆ ನೀಲಿಗಟ್ಟಿದ್ದರೆ ಅದೂ ಹೋಯಿತು. ಹೊಸದು ಹಾಕಿದ ಮೇಲೆ ಕಂಪ್ಯೂಟರಿಗೆ ಹೊಸ ಕ್ಲಚ್ಚಿನ ಹಿಡಿತದ ಜಾಗ ಕಲಿಸಬೇಕು. ಅದನ್ನು ಕಲಿಸುವ ಯಂತ್ರ ನಮ್ಮ ಊರಿನಲ್ಲಿ ಯಾರ ಹತ್ತಿರ ಇದೆ? ಇಲ್ಲಿ ಒಳ್ಳೆಯ ಮೆಕ್ಯಾನಿಕ್ಕುಗಳಿಲ್ಲ ಅಂತ ನಾನು ಹೇಳ್ತಿಲ್ಲ. ತಾರಿಹಾಳದಲ್ಲಿ ಲೇತಿನ ಮೇಲೆ ಕೂದಲೆಳೆಯಷ್ಟು ಅಳತೆ ಹಿಡಿಯುವ ಕೈಗಳಿವೆ. ಆದರೆ ಯಂತ್ರವಿಲ್ಲದೆ ಆ ಕೈಗಳೂ ಏನು ಮಾಡ್ಯಾವು?

ಇವತ್ತು ಅಲ್ಲಿ ನಿಂತವರಲ್ಲಿ ಯಾರಾದರೂ ಮಾಡಬಹುದಾಗಿದ್ದ, ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಒಂದಿದೆ. ಗಾಡಿ ರಾತ್ರಿಯೆಲ್ಲ ನಿಂತಿರಬೇಕು. ಸುತ್ತ ಯಾರೂ ಮಾತಾಡಬಾರದು. ಡ್ರೈವರ್ ಬಾಗಿಲು ತೆರೀರಿ. ಹಿಂದಿನಿಂದ ಗುಂಯ್ ಅಂತ ಸದ್ದು ಬರುತ್ತದೆ, ಅದು ಇ-ಗೇರ್ ಪಂಪು ಒತ್ತಡ ತುಂಬಿಕೊಳ್ಳೋದು. ಕೆಲವು ಸೆಕೆಂಡಿನಲ್ಲಿ ನಿಲ್ಲಬೇಕು. ನಿಲ್ಲದೆ ಎಳೆದರೆ ಪಂಪು ದಣಿದಿದೆ. ಈಗ ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ, ನ್ಯೂಟ್ರಲ್‌ನಿಂದ ಒಂದನೇ ಗೇರಿಗೆ, ಮತ್ತೆ ನ್ಯೂಟ್ರಲ್‌ಗೆ, ಹೀಗೆ ಐದಾರು ಸಲ ಹಾಕಿ ತೆಗೀರಿ, ಪಂಪಿನ ಸದ್ದು ಎಣಿಸಿರಿ. ಒತ್ತಡ ಹಿಡಿದಿಡುವ ಅಕ್ಯುಮ್ಯುಲೇಟರ್ ಗಟ್ಟಿಯಿದ್ದರೆ ಪಂಪು ಪ್ರತಿ ಸಲ ಏಳೋದಿಲ್ಲ. ಪ್ರತಿ ಗೇರಿಗೂ ಎದ್ದರೆ ಅಕ್ಯುಮ್ಯುಲೇಟರ್ ಸತ್ತಿದೆ, ಪಂಪು ಅದರ ಕೆಲಸವನ್ನೂ ಹೊತ್ತುಕೊಂಡು ಓಡುತ್ತಿದೆ, ಅದೂ ಇನ್ನು ಹೆಚ್ಚು ದಿನ ಇಲ್ಲ. ಬೆಳಿಗ್ಗೆ ಎಂಜಿನ್ನಿಗೆ ರೇಸ್ ಕೊಟ್ಟು ಕೊಟ್ಟು ವಿಡಿಯೊ ಮಾಡಿದರಲ್ಲ, ಆ ಗದ್ದಲದಲ್ಲಿ ಈ ಸಣ್ಣ ಸದ್ದು ಯಾರಿಗೆ ಕೇಳಬೇಕು?

ದಲಾಲರು ಒಂದು ಮಾತು ಹೇಳಿದರು: ಕ್ಲಚ್ ಮೂವತ್ತೇ ಪರ್ಸೆಂಟ್ ಸವೆದಿದೆ ಅಂತ. ಆ ಅಂಕಿ ಕಂಪ್ಯೂಟರ್ ಲೆಕ್ಕ ಹಾಕಿ ಹೇಳುವ ಅಂದಾಜು. ಕ್ಲಚ್ ಬದಲಿಸದೆ ಬರೀ ಹೊಸದಾಗಿ ಕಲಿಸುವ ಕೆಲಸ ಮಾಡಿದರೂ ಅಂಕಿ ಕೆಳಗೆ ಬರುತ್ತದೆ. ಹಾಗಾಗಿ ಬಾಯಿಮಾತಿನ ಮೂವತ್ತು ಬೇಡ. ತಾರೀಖು, ಚಾಸಿ ನಂಬರ್, ಕಿಲೋಮೀಟರ್ ಮೂರೂ ಇರುವ ಪ್ರಿಂಟು ಬೇಕು. ಜೊತೆಗೆ ಹಿಂದೆ ಕ್ಲಚ್ ಯಾವಾಗ ಹಾಕಿಸಿದ್ದು ಅನ್ನುವ ಬಿಲ್ಲು. ಲ್ಯಾಂಬೋರ್ಗಿನಿಯ ಚಾಸಿ ನಂಬರು ಝಡ್‌ಎಚ್‌ಡಬ್ಲ್ಯು ಅಂತ ಶುರುವಾಗುತ್ತದೆ. ಅದೇ ನಂಬರು ಆರ್‌ಸಿಯಲ್ಲಿ, ಆಮದಿನ ಕಾಗದವಾದ ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿಯಲ್ಲಿ, ಗಾಡಿಯ ಮೇಲೆ ಮೂರೂ ಕಡೆ ಅಕ್ಷರಕ್ಕೆ ಅಕ್ಷರ ಕೂಡಬೇಕು. ಬಿಲ್ ಆಫ್ ಎಂಟ್ರಿ ಕಳೆದುಹೋಗಿದೆ ಅಂದರೆ ಮಾತು ಅಲ್ಲಿಗೇ ಮುಗೀತು.

ಬಣ್ಣದ ವಿಷಯ. ಬಣ್ಣದ ದಪ್ಪ ಅಳೆಯುವ ಮೀಟರ್ ಈಗ ಹಳೆಯ ಗಾಡಿ ಮಾರುವ ಎಲ್ಲರ ಜೇಬಿನಲ್ಲೂ ಇದೆ. ಆದರೆ ಅಗ್ಗದ ಮೀಟರು ಬರೀ ಕಬ್ಬಿಣ ಓದುತ್ತದೆ. 997ರ ಮೈ ಬಹುಪಾಲು ಉಕ್ಕು, ಅಲ್ಲಿ ನಡೆಯುತ್ತದೆ. ಗಲ್ಲಾರ್ಡೊದ ಚೌಕಟ್ಟು, ಮೈ ಎರಡೂ ಅಲ್ಯುಮಿನಿಯಂ, ಬಂಪರು ಪ್ಲಾಸ್ಟಿಕ್ಕು. ಅಲ್ಯುಮಿನಿಯಂ ಓದುವ ಮೀಟರೇ ಬೇಕು. ಕಂಪನಿ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು. 250 ದಾಟಿದರೆ ಮತ್ತೆ ಬಳಿದಿದ್ದಾರೆ, ಸಾವಿರದ ಹತ್ತಿರ ಹೋದರೆ ಒಳಗೆ ಪುಟ್ಟಿ ಇದೆ. ಮರುಬಣ್ಣ ಅಂದ ಕೂಡಲೇ ಗಾಬರಿ ಬೇಡ, ಕಲ್ಲು ಬಡಿದ ಬಾನೆಟ್ಟು ಯಾರಾದರೂ ಬಳಿಸುತ್ತಾರೆ. ಗಾಬರಿ ಆಗಬೇಕಾದ್ದು ಚೌಕಟ್ಟಿಗೆ. ಅಲ್ಯುಮಿನಿಯಂ ಚೌಕಟ್ಟು ಒಮ್ಮೆ ಬಾಗಿದರೆ ಉಕ್ಕಿನ ಹಾಗೆ ಕಾಸಿ ಎಳೆದು ನೆಟ್ಟಗೆ ಮಾಡಲಿಕ್ಕೆ ಬರೋದಿಲ್ಲ. ಅದಕ್ಕೇ ಹೇಳ್ತಿರೋದು, ಲಿಫ್ಟಿಗೆ ಏರಿಸಿರಿ. ಕೆಳಗಿನ ತಗಡು ಬಿಚ್ಚಿಸಿರಿ. ವೆಲ್ಡಿಂಗ್ ಗೆರೆ ಎಡಕ್ಕೂ ಬಲಕ್ಕೂ ಒಂದೇ ಥರ ಇದೆಯಾ ನೋಡಿರಿ.

ಟೈರು. ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ದಲಾಲರ ಗಾಡಿಯಲ್ಲಿ ಮುಂದಿನವು 2319, ಹಿಂದಿನವು 0822. ನಾನು ದೂರದಿಂದಲೇ ಬಗ್ಗಿ ಓದಿಕೊಂಡೆ. ಅಂದರೆ ಮುಂದಿನ ಜೋಡಿ 2019ರದು. ಮೇಲಿನ ಹೂವು, ಅಂದರೆ ಗೀರು ಹೊಸದರಂತೆ ಇದೆ, ರಬ್ಬರು ಕಲ್ಲಾಗಿದೆ. ಕಡಿಮೆ ಓಡಿದ ಗಾಡಿ ಅಂತ ಹೊಗಳುವವರು ಇದನ್ನು ಹೇಳೋದಿಲ್ಲ: ಓಡದ ಗಾಡಿಯ ಟೈರು ಸವೆಯದೆಯೇ ಸಾಯುತ್ತದೆ. ಅಳತೆ ಎರಡೂ ಗಾಡಿಗೆ ಒಂದೇ, ಮುಂದೆ 235/35, ಹಿಂದೆ 295/30, ಹತ್ತೊಂಬತ್ತು ಇಂಚು. ಆದರೆ ಹಿಂದಿನ ಗಾಲಿಯಿಂದ ಓಡುವ ಈ 911ಗೆ ಒಂದು ಜೋಡಿ ಹಾಕಿಸಿ ಸುಮ್ಮನಾಗಬಹುದು. ಗಲ್ಲಾರ್ಡೊದಲ್ಲಿ ಮುಂದಿನ ಗಾಲಿಗೆ ಶಕ್ತಿ ಹಂಚುವ ವಿಸ್ಕಸ್ ಕಪ್ಲಿಂಗ್ ಇದೆ. ಮುಂದೊಂದು ಹಿಂದೊಂದು ಸುತ್ತಳತೆ ಆದರೆ ಅದು ಸದಾ ತಿರುಚಿಕೊಂಡು ಕಾಯುತ್ತದೆ. ನಾಲ್ಕೂ ಒಟ್ಟಿಗೆ, ಒಂದೇ ಕಂಪನಿಯದು ಹಾಕಿಸಬೇಕು.

ಸೆರಾಮಿಕ್ ಬ್ರೇಕ್ ಇದೆ ಅಂತ ಯಾರೋ ಹಿಗ್ಗಿ ಹೇಳಿದರು. ಇರಲಿ. ಆ ಡಿಸ್ಕು ಬೆರಳಿಂದ ಸವರಿದರೆ ಏನೂ ತಿಳಿಯೋದಿಲ್ಲ. ಸವೆತ ದಪ್ಪದಲ್ಲಿ ಅಷ್ಟಾಗಿ ಕಾಣೋದಿಲ್ಲ, ತೂಕದಲ್ಲಿ ತಿಳಿಯುತ್ತದೆ. ಬಿಚ್ಚಿ ತೂಗಿ, ಇರಬೇಕಾದ ಕನಿಷ್ಠ ತೂಕದ ಜೊತೆ ಹೋಲಿಸಬೇಕು, ಇಲ್ಲವೇ ಅದಕ್ಕೇ ಇರುವ ಯಂತ್ರ ಹಿಡಿದು ಓದಬೇಕು. ಗಾಲಿ ತೆಗೆಯುವಾಗ ರಿಮ್ಮು ತಗುಲಿ ಅಂಚು ಚಕ್ಕೆ ಎದ್ದರೆ ಡಿಸ್ಕು ಹೋದ ಹಾಗೆ. ಪಂಕ್ಚರ್ ಅಂಗಡಿಯಲ್ಲಿ ಗಾಲಿಯನ್ನು ಎಳೆದು ಬಿಸಾಡುವ ಅಭ್ಯಾಸ ಎಲ್ಲರೂ ಕಂಡದ್ದೇ. ನಾಲ್ಕು ಡಿಸ್ಕು ಹೊಸದು ಅಂದರೆ ಒಂದು ಒಳ್ಳೆಯ ಹೊಸ ಕಾರಿನ ರೊಕ್ಕ.

ಈಗ ನಮ್ಮ ನೆಲದ ಮಾತು. ರಸ್ತೆಯ ಉಬ್ಬು ಹೇಗಿರಬೇಕು ಅಂತ ಇಂಡಿಯನ್ ರೋಡ್ ಕಾಂಗ್ರೆಸ್ಸಿನ ಅಳತೆ ಇದೆ: 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಓಣಿಗಳಲ್ಲಿ ಎತ್ತರ ಅದಕ್ಕಿಂತ ಹೆಚ್ಚು, ಅಗಲ ಒಂದು ಮಾರಿಲ್ಲ. ಗಲ್ಲಾರ್ಡೊದ ಮೂತಿ ಎತ್ತುವ ಬಟನ್ ಇದೆ ನಿಜ. ಅದನ್ನು ಒತ್ತಿ, ಎರಡೂ ಕಡೆ ಟೇಪು ಹಿಡಿದು ನೆಲದಿಂದ ಅಳೆದು ಬರೆದುಕೊಂಡು, ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಒಂದು ಕಡೆ ಇಳಿದಿದ್ದರೆ ಎಣ್ಣೆ ಸೋರುತ್ತಿದೆ. ಅಣ್ಣಿಗೇರಿ, ನವಲಗುಂದದ ಕಡೆ ಎರೆ ನೆಲ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿನ ಡಾಂಬರು ಅಲೆಅಲೆ. ಸುಗ್ಗಿಯಲ್ಲಿ ಕಡಲೆ, ಹುರಳಿ, ಜೋಳದ ಕಣ ರಸ್ತೆಯ ಮೇಲೆಯೇ. ಆ ಹೊಟ್ಟಿನ ಮೇಲೆ ಹಾದ ಕೆಳಮಟ್ಟದ ಗಾಡಿಯ ಹೊಟ್ಟೆಗೆ ಕಟ್ಟಿಗೆಯಂತೆ ಒಣಗಿದ ಬಳ್ಳಿ ಸುತ್ತಿಕೊಳ್ಳುತ್ತದೆ, ಪಕ್ಕದಲ್ಲೇ 400 ಡಿಗ್ರಿ ದಾಟಿ ಕಾದ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ಬೆಂಕಿ ಹತ್ತಲಿಕ್ಕೆ ಇನ್ನೇನು ಬೇಕು? ಕಣ ಕಂಡರೆ ನಿಲ್ಲಿಸಿ, ದಾಟಲೇಬೇಕಾದರೆ ದಾಟಿದ ಮೇಲೆ ಇಳಿದು ಕೆಳಗೆ ನೋಡಿರಿ. ಇದು 911ಗೂ ಸಲ್ಲುವ ಮಾತು. 911ರ ಮುಂದಿನ ಬಂಪರಿನ ಎರಡೂ ಮೂಲೆಯಲ್ಲಿ ರೇಡಿಯೇಟರ್, ಅದರ ಮುಂದೆ ಎಸಿ ಕಂಡೆನ್ಸರ್. ಒಣ ಎಲೆ, ಅರಳೆ, ಹೊಟ್ಟು ಹೋಗಿ ಕೂತು, ಮಳೆ ನೀರಿಗೆ ಕೊಳೆತು, ಕಂಡೆನ್ಸರ್ ತೂತು ಬೀಳುತ್ತದೆ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿ ಬ್ರಷ್ಷು, ಮೆತ್ತನೆಯ ಗಾಳಿಯಿಂದ ತೆಗೆಸಿದರೆ ಸಾಕು. ಪ್ರೆಷರ್ ವಾಷರ್ ಹಿಡಿದರೆ ಕಂಡೆನ್ಸರಿನ ತೆಳು ರೆಕ್ಕೆಗಳು ಮಡಚಿ ಗೋಡೆಯಾಗುತ್ತವೆ.

911ಗೆ ಕಾಯಿಲೆಯೇ ಇಲ್ಲ ಅಂತ ನಾನು ಅನ್ನೋದಿಲ್ಲ. ಬೆಳಿಗ್ಗೆ ಚಾಲೂ ಆಗಲಿಕ್ಕೆ ತುಸು ಹೊತ್ತು ತಿರುಗಿಸಬೇಕಾದರೆ ಹೈ ಪ್ರೆಷರ್ ಪೆಟ್ರೋಲ್ ಪಂಪಿನ ಮೇಲೆ ಗುಮಾನಿ ಇಡಿ. ಮಳೆಗಾಲದಲ್ಲಿ ತಡವರಿಸಿದರೆ ಎಕ್ಸಾಸ್ಟಿನ ಬಿಸಿಗೆ ಬಿರಿದ ಇಗ್ನಿಷನ್ ಕಾಯಿಲ್. ಪಿಡಿಕೆಯ ಕ್ಲಚ್ ಎಣ್ಣೆ 90 ಸಾವಿರ ಕಿ.ಮೀ. ಅಥವಾ 6 ವರ್ಷ, ಯಾವುದು ಮೊದಲೋ ಅದು. ಹೆಚ್ಚು ಓಡದವರು ವರ್ಷ ಮರೆತುಬಿಡ್ತಾರೆ. ಇವೆಲ್ಲ ಗೊತ್ತಿರುವ ಕಾಯಿಲೆ, ಗೊತ್ತಿರುವ ಗಾಡಿ. ಹದಿನೈದು ವರ್ಷದಲ್ಲಿ ಅದಕ್ಕೆ ಯಾವ ಎಣ್ಣೆ ಹಾಕಿದ್ದು, ಯಾವಾಗ ಹಾಕಿದ್ದು ಎಲ್ಲ ಮಾಲೀಕರ ಕೈಯಲ್ಲಿದೆ. ಆ ಗೊತ್ತಿರುವಿಕೆಗೆ ಬೆಲೆಯೇ ಕಟ್ಟಲಿಲ್ಲ ಇವತ್ತು. "ಮ್ಯಾಲೆ ಎಷ್ಟು" ಅನ್ನುವ ಲೆಕ್ಕದಲ್ಲಿ ಅದು ಸೊನ್ನೆ.

"ಇರೋದೊಂದೇ ಜೀವನ, ಲ್ಯಾಂಬೋರ್ಗಿನಿ ಅಂದರೆ ಲ್ಯಾಂಬೋರ್ಗಿನಿನೇ" ಅಂತ ಒಬ್ಬರು ಅಂದರು. ಸುಳ್ಳು ಯಾಕೆ ಹೇಳಲಿ, ಆ ವಿ10 ಎಂಟು ಸಾವಿರ ಆರ್‌ಪಿಎಂ ಹತ್ತಿರ ಹೋಗುವಾಗಿನ ಸದ್ದಿಗೆ ನನ್ನ ಮೈಯೂ ಜುಂ ಅನ್ನುತ್ತದೆ. ಟರ್ಬೊ ಇಲ್ಲದ ಅಂಥ ಎಂಜಿನ್ನು ಇನ್ನು ಬರೋದೂ ಕಷ್ಟ. 2003ರಿಂದ 2013ರವರೆಗೆ 14,022 ಗಲ್ಲಾರ್ಡೊ ಮಾಡಿ ನಿಲ್ಲಿಸಿದರು, ಒಳ್ಳೆಯದಕ್ಕೆ ಬೆಲೆ ಉಳಿಯುತ್ತದೆ. ಒಪ್ಪಿದೆ. ಆದರೆ ಬೆಲೆ ಉಳಿಯೋದು ಒಳ್ಳೆಯದಕ್ಕೆ. ಒಳ್ಳೆಯದು ಹೌದೋ ಅಲ್ಲವೋ ಅಂತ ನೋಡದೇ ಇರುವಾಗ ಆ ಮಾತಿನಿಂದ ಏನು ಬಂತು? ಆಸೆ ಇದ್ದವರಿಗೇ ಹೆಚ್ಚು ಎಚ್ಚರ ಬೇಕು. ತಂದು ಆರು ತಿಂಗಳು ಟ್ರಕ್ಕಿನ ಮೇಲೆ ಬೆಂಗಳೂರಿಗೆ, ಮುಂಬೈಗೆ ಓಡಾಡಿಸಿದರೆ ಆ ಸದ್ದು ಕೇಳುವವರು ಟ್ರಕ್ ಡ್ರೈವರು. ಬೆಂಗಳೂರು ಇಲ್ಲಿಂದ 400 ಕಿ.ಮೀ. ಮೇಲೆ, ಮುಂಬೈ 550ರ ಮೇಲೆ.

ಕಾಗದ ಪತ್ರ ನೋಡದೆ ಕೈ ಕುಲುಕಿದರಲ್ಲ, ಅದು ಇನ್ನೂ ದೊಡ್ಡ ತಪ್ಪು. 2010ರ ಗಾಡಿಗೆ ನೋಂದಣಿಯ 15 ವರ್ಷ ಮುಗಿದಿದೆ. ಫಿಟ್‌ನೆಸ್ ಮಾಡಿಸಿ 5 ವರ್ಷಕ್ಕೆ ನವೀಕರಿಸಿದ್ದಾರಾ? ಆ ರಾಜ್ಯದ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಬೇಕು. ಸಾಲ ಇದ್ದರೆ ಅದು ತೀರಿದ್ದಕ್ಕೆ ಬ್ಯಾಂಕಿನ ಫಾರ್ಮ್ 35. ಹೆಸರು ಬದಲಿಗೆ 29, 30. ಹೊರರಾಜ್ಯದ ನಂಬರಿನಲ್ಲಿ 12 ತಿಂಗಳು ಮೀರಿ ಇಲ್ಲಿ ಇಟ್ಟರೆ ಇಲ್ಲಿಯ ನಂಬರು ಹಾಕಿಸಲೇಬೇಕು, ಕರ್ನಾಟಕದ ಆಜೀವ ತೆರಿಗೆ ಕಟ್ಟಲೇಬೇಕು. 20 ಲಕ್ಷ ಮೀರಿದ ಹೊಸ ಕಾರಿಗೆ ದರ ಶೇ 18, ಸೆಸ್ ಬೇರೆ. ಹಳೆಯದಕ್ಕೆ ವಯಸ್ಸು ನೋಡಿ ಇಳಿಸುತ್ತಾರೆ, ಆದರೆ ಲೆಕ್ಕ ಹಿಡಿಯೋದು ಹೊಸದರ ಬೆಲೆಯಿಂದ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ತೆರಿಗೆ ಕಟ್ಟದ ಹೊರರಾಜ್ಯದ ದುಬಾರಿ ಕಾರುಗಳನ್ನು ಸಾಲಾಗಿ ಹಿಡಿದು ನಿಲ್ಲಿಸಿದ್ದು ಮರೆತುಹೋಯಿತೇ? ಆ ತೆರಿಗೆ "ಮ್ಯಾಲೆ ಎಷ್ಟು" ಅನ್ನುವುದರಲ್ಲಿ ಸೇರಿದೆಯಾ? ಇಲ್ಲ.

ಮತ್ತೆ ಈ ಬದಲಿ ಅನ್ನೋದೇ ಮಾರುವವನಿಗೆ ನಷ್ಟದ ದಾರಿ. ದಲಾಲರು ನಿಮ್ಮ 911 ಕೊಂಡು ಮತ್ತೊಬ್ಬರಿಗೆ ಮಾರುವಾಗ ಬರುವ ಲಾಭದ ಮೇಲೆ ಶೇ 18 ಜಿಎಸ್‌ಟಿ ಕಟ್ಟಬೇಕು, ಇಂಥ ದೊಡ್ಡ ಎಂಜಿನ್ನಿನ ಗಾಡಿಗೆ 2018ರ ಜನವರಿಯಿಂದಲೇ ಈ ದರ. ಅದನ್ನು ಅವರು ತಮ್ಮ ಜೇಬಿನಿಂದ ಕೊಡ್ತಾರಾ? ನಿಮ್ಮ ಗಾಡಿಯ ಬೆಲೆಯಲ್ಲೇ ಮುರಿಯುತ್ತಾರೆ. ನೇರವಾಗಿ ಓಡಿಸುವವರಿಗೇ ಮಾರಿದರೆ ಆ ಮುರಿತ ಇಲ್ಲ. ಗಾಡಿ ಫರ್ಮಿನ ಹೆಸರಿನಲ್ಲಿದ್ದು ಸವಕಳಿ ತೋರಿಸಿದ್ದರೆ ಲೆಕ್ಕ ಬೇರೆ, ಮೊದಲು ಆಡಿಟರನ್ನು ಕೇಳಿರಿ. ಮೇಲಿನ ರೊಕ್ಕ ನಗದು ಕೊಡ್ತೀನಿ ಅಂದದ್ದೂ ಕಿವಿಗೆ ಬಿತ್ತು. 2 ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಂಡರೆ ತೆಗೆದುಕೊಂಡವನಿಗೆ ಅಷ್ಟೇ ದಂಡ, ಕೊಟ್ಟವನ ಕೈಯಲ್ಲಿ ಕೊಟ್ಟದ್ದಕ್ಕೆ ಸಾಕ್ಷಿಯೂ ಉಳಿಯೋದಿಲ್ಲ. ಎರಡು ಮಾರಾಟ, ಎರಡು ಪತ್ರ, ಎರಡು ಚಾಸಿ ನಂಬರು, ಬ್ಯಾಂಕಿನಿಂದ ಹಣ. ಮಾರಿದವರು ರಾಜ್ಯದೊಳಗಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಹೊರರಾಜ್ಯಕ್ಕಾದರೆ 45 ದಿನ. ಹೆಸರು ಬದಲಾಗುವವರೆಗೆ ಆ 911 ಎಲ್ಲಿ ಗುದ್ದಿದರೂ ನೋಟಿಸು ಬರೋದು ಹುಬ್ಬಳ್ಳಿಗೇ.

ಇನ್ನೊಂದು ಮಾತು, ಇದನ್ನು ದಲಾಲರು ಮಾಡಿಯೇ ಮಾಡ್ತಾರೆ, ನೀವೂ ಮೊದಲೇ ಮಾಡಿಸಿಕೊಳ್ಳಿ. ಪೋರ್ಷೆಯ ಎಂಜಿನ್ ಕಂಪ್ಯೂಟರಿನಲ್ಲಿ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಅಂತ ಇರುತ್ತದೆ. ಮೀಟರಿನ ಕಿಲೋಮೀಟರನ್ನು ಆ ಗಂಟೆಯಿಂದ ಭಾಗಿಸಿರಿ. 36 ಸಾವಿರ ಕಿ.ಮೀ., 1,000 ಗಂಟೆ ಅಂದರೆ ಸರಾಸರಿ 36, ಸಹಜ. 12 ಬಂದರೆ ಮೀಟರ್ ತಿರುಗಿಸಿದ ವಾಸನೆ. ನಿಮ್ಮದು ಸರಿಯಿದ್ದರೆ ಆ ಪ್ರಿಂಟು ಕೈಯಲ್ಲಿ ಹಿಡಿದು ಕೂತರೆ ಬೆಲೆ ಮುರಿಯಲಿಕ್ಕೆ ಅವರಿಗೆ ಬಾಯಿ ಬರೋದಿಲ್ಲ.

ಇಷ್ಟಾದ ಮೇಲೂ ಗಲ್ಲಾರ್ಡೊನೇ ಬೇಕು ಅಂದರೆ ಬೇಡ ಅನ್ನಲಿಕ್ಕೆ ನಾನ್ಯಾರು. ಮಂಗಳವಾರ ಅಡ್ವಾನ್ಸು ಕೊಡಬೇಡಿ, ಅಷ್ಟೇ ಕೇಳಿಕೊಳ್ತೀನಿ. ದಲಾಲರು ಹೇಳಿದ ಗ್ಯಾರೇಜು ಬಿಟ್ಟು, ಆ ಕಂಪನಿಯ ಯಂತ್ರ ಇರುವ ಬೇರೆ ಕಡೆ ಗಾಡಿ ಕಳಿಸಿ. ಹತ್ತೂ ಸಿಲಿಂಡರಿನಲ್ಲಿ ತುಂಬಿದ ಗಾಳಿ ಎಷ್ಟು ಸೋರುತ್ತದೆ ಅಂತ ನೋಡುವ ಲೀಕ್‌ಡೌನ್ ಪರೀಕ್ಷೆ ಮಾಡಿಸಿ ಅಂಕಿ ಬರೆಸಿಕೊಳ್ಳಿ, ಹತ್ತು ಪರ್ಸೆಂಟಿನ ಒಳಗೆ ಒಂದಕ್ಕೊಂದು ಹತ್ತಿರ ಇರಬೇಕು. ಕ್ಲಚ್ಚಿನ ಪ್ರಿಂಟು, ಬ್ರೇಕಿನ ತೂಕ, ಲಿಫ್ಟಿನ ಮೇಲೆ ಕೆಳಗಿನ ಫೋಟೊ ತರಿಸಿಕೊಳ್ಳಿ. ಖರ್ಚು ನಿಮ್ಮದೇ ಇರಲಿ, ಅವರದ್ದಾದರೆ ವರದಿಯೂ ಅವರದ್ದೇ ಆಗುತ್ತದೆ. ಗಾಡಿ ಬಿಚ್ಚಿ ತೋರಿಸಲಿಕ್ಕೆ ದಲಾಲರು ಒಪ್ಪದಿದ್ದರೆ ಆ ಟ್ರಕ್ಕು ಬಂದ ದಾರಿಯಲ್ಲೇ ವಾಪಸ್ ಹೋಗಲಿ.